ಫೈಬರ್ ನೆಟ್, ನಾಲ್ಕು ಮಳೆಗಾಲ ಕಳೆದ ಮೇಲೆ: ಬದಿಯಡ್ಕ ಕಡೆಯ ಒಬ್ಬ ಸಂಗೀತ ಟೀಚರ್ ಬರೆದದ್ದು

ನಮ್ಮಲ್ಲಿಗೆ ಫೈಬರ್ ಲೈನ್ ಬಂದದ್ದು 2021ರ ಮೇ ತಿಂಗಳಲ್ಲಿ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು. ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಬದಿಯಲ್ಲಿ ಹಳೆಯ ಹಂಚಿನ ಮನೆ ನಮ್ಮದು. ಮೊದಲು ಇದ್ದದ್ದು ತಾಮ್ರದ ತಂತಿಯ ಫೋನ್ ಲೈನಿನಲ್ಲಿ ಬರುವ ಬ್ರಾಡ್‌ಬ್ಯಾಂಡ್. ನಾನು ಕರ್ನಾಟಕ ಸಂಗೀತ ಕಲಿಸುವವಳು. 2020ರಲ್ಲಿ ನನ್ನ ಪಾಠವೆಲ್ಲ ಆನ್‌ಲೈನಿಗೆ ಹೋಯಿತು. ಅದೇ ವರ್ಷ ಜೂನ್ 1ಕ್ಕೆ ಕೇರಳ ಸರಕಾರದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸಿನಲ್ಲಿ ಶಾಲೆಯ ಪಾಠಗಳು ಶುರುವಾದವು, ಕನ್ನಡ ಮಾಧ್ಯಮದವರಿಗೆ ಯೂಟ್ಯೂಬಿನಲ್ಲಿ. ಮಗ ಸಿಗ್ನಲ್ ಹುಡುಕಿಕೊಂಡು ಪುಸ್ತಕ ಹಿಡಿದು ಗುಡ್ಡೆ ಹತ್ತುತ್ತಿದ್ದ. ಒಂದು ವರ್ಷ ಹಾಗೆ ಕಷ್ಟಪಟ್ಟು ಕಡೆಗೆ ಹಾಕಿಸಿದ ಲೈನ್ ಇದು. 100 ಎಂಬಿಪಿಎಸ್ ಪ್ಲಾನ್, ತಿಂಗಳಿಗೆ 599 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 707. ಊರೂರಿಗೆ ಆಪರೇಟರ್ ಬೇರೆ ಬೇರೆ, ಹಾಗಾಗಿ ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಕಲಿತದ್ದು ಯಾವ ಕಂಪನಿಯ ಲೈನಿಗೂ ಹೊಂದುತ್ತದೆ.

ಹಳೆಯ ಲೈನಿಗೂ ಇದಕ್ಕೂ ನನಗೆ ಮೊದಲ ದಿನವೇ ಕಂಡ ವ್ಯತ್ಯಾಸ ಅಪ್‌ಲೋಡಿನದ್ದು. ಎಡಿಎಸ್‌ಎಲ್ ಎಂಬ ಆ ಹಳೆಯ ತಾಮ್ರದ ಲೈನಿನಲ್ಲಿ ಒಳಗೆ ಬರುವ ದಾರಿ ಅಗಲ, ಹೊರಗೆ ಹೋಗುವ ದಾರಿ ತೀರ ಕಿರಿದು. ಸಿನಿಮಾ ನೋಡುವವರಿಗೆ ಅದು ಸಾಕು. ಪಾಠ ಹೇಳುವವಳಿಗೆ ಸಾಲದು, ನನ್ನ ಸ್ವರ ಆಚೆ ಮುಟ್ಟಬೇಕಲ್ಲ. ಈ ಪ್ಲಾನಿನಲ್ಲಿ ಎರಡೂ ದಿಕ್ಕಿಗೆ 100. ಪ್ಲಾನ್ ಆರಿಸುವಾಗ ಅಪ್‌ಲೋಡ್ ಎಷ್ಟು ಎಂದು ಕೇಳಿಯೇ ಹಣ ಕಟ್ಟಿ.

ನಾನು ತಪ್ಪು ತಿಳಿದದ್ದು ಇನ್ನೊಂದು ವಿಷಯದಲ್ಲಿ. ಸ್ಪೀಡ್ ಹೆಚ್ಚಾದರೆ ಶಿಷ್ಯರ ಜತೆ ಒಟ್ಟಿಗೆ ಹಾಡಬಹುದು ಎಂದುಕೊಂಡಿದ್ದೆ. ಆಗುವುದಿಲ್ಲ. ನಾನು ಆದಿತಾಳ ಹಾಕುತ್ತ ಸರಳೆ ವರಸೆ ಹೇಳಿದರೆ ಬೆಂಗಳೂರಿನ ಹುಡುಗಿಗೆ ಅದು ಸ್ವಲ್ಪ ತಡವಾಗಿ ಕೇಳುತ್ತದೆ, ಅವಳು ಹಾಡಿದ್ದು ನನಗೆ ಮತ್ತಷ್ಟು ತಡವಾಗಿ. ಅವಳು ಸರಿಯಾಗಿಯೇ ಹಾಡಿದ್ದರೂ ನನ್ನ ಕಿವಿಗೆ ತಾಳ ಜಾರಿದ ಹಾಗೆ. ಎಂಬಿಪಿಎಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಸಾಗುತ್ತದೆ ಎಂಬ ಲೆಕ್ಕ. ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂಬುದು ಪಿಂಗ್, ಅದರ ಲೆಕ್ಕ ಮಿಲಿಸೆಕೆಂಡಿನಲ್ಲಿ. ತೋಡು ಅಗಲ ಮಾಡಿದರೆ ಹೆಚ್ಚು ನೀರು ಹೋದೀತು, ಕೊನೆಯ ಕಂಗಿಗೆ (ಅಡಿಕೆ ಮರಕ್ಕೆ) ನೀರು ಬೇಗ ಮುಟ್ಟಬೇಕೆಂದಿಲ್ಲ. ಈಗ ನಾನು ಒಂದು ಸಲ ಹೇಳುತ್ತೇನೆ, ಆಮೇಲೆ ಅವಳು ಹೇಳುತ್ತಾಳೆ, ತಾಳ ಹಾಕುವುದು ಹಾಡುವವರೇ. ಇನ್ನೊಂದು ಮಾತು, ಸಂಗೀತದವರಿಗೆ ಮಾತ್ರ: ಝೂಮ್ ಶ್ರುತಿ ಪೆಟ್ಟಿಗೆಯ ನಾದವನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಆಡಿಯೊ ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಹಾಕಿದ ಮೇಲೆಯೇ ಶಿಷ್ಯರಿಗೆ ಶ್ರುತಿ ಕೇಳಿದ್ದು.

ತಡವಾದರೂ ಒಂದೇ ಸಮ ತಡವಾದರೆ ಕಿವಿ ಹೊಂದಿಕೊಳ್ಳುತ್ತದೆ. ಒಮ್ಮೆ ಬೇಗ ಒಮ್ಮೆ ತಡ ಎಂದಾದರೆ ಗಮಕದ ನಡುವೆಯೇ ಸ್ವರ ತುಂಡಾಗುತ್ತದೆ. ಆರು ತಿಂಗಳು ಇದಕ್ಕಾಗಿ ನಾನು ಆಪರೇಟರನ್ನು ದೂರಿದೆ, ಆ ದೂರು ನ್ಯಾಯದ್ದಾಗಿರಲಿಲ್ಲ. ಒಂದು ದಿನ ಮಗ ಲ್ಯಾಪ್‌ಟಾಪಿನಲ್ಲಿ 192.168.1.1ಕ್ಕೆ ಪಿಂಗ್ ಮಾಡಿ ತೋರಿಸಿದ. ಅದು ನಮ್ಮದೇ ರೂಟರಿನ ವಿಳಾಸ, ಮನೆಯಿಂದ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ನಾನು ಪಾಠ ಮಾಡುವಲ್ಲಿಂದ ಉತ್ತರ ಒಮ್ಮೆ 4 ಮಿಲಿಸೆಕೆಂಡಿಗೆ ಬರುತ್ತಿತ್ತು, ಒಮ್ಮೆ 180ಕ್ಕೆ. ತೊಂದರೆ ನಮ್ಮ ಗೋಡೆಯೊಳಗೇ ಇತ್ತು. ಮನೆಗೆ ಬರುವ ಲೈನ್ ಬೇರೆ, ಮನೆಯೊಳಗಿನ ವೈಫೈ ಬೇರೆ. ನಾವು ಎರಡನ್ನೂ ಸೇರಿಸಿ ‘ನೆಟ್’ ಎನ್ನುತ್ತೇವೆ, ಬೈಗುಳವನ್ನೂ ಒಂದೇ ಕಡೆಗೆ ಕಳಿಸುತ್ತೇವೆ.

ನಮ್ಮದು ಕೆಂಪುಕಲ್ಲಿನ ದಪ್ಪ ಗೋಡೆಗಳು. ರೂಟರ್ ಕೂರಿಸಿದ್ದು ಲೈನ್ ಒಳಬಂದ ಕಿಟಕಿಯ ಹತ್ತಿರ, ಚಾವಡಿಯ ಮೂಲೆಯಲ್ಲಿ, ಟಿವಿಯ ಹಿಂದೆ. ರೂಟರಿನಲ್ಲಿ ಎರಡು ಬ್ಯಾಂಡ್ ಇರುತ್ತದೆ. 5 ಗಿಗಾಹರ್ಟ್ಸಿನದ್ದು ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. 2.4ರದ್ದು ನಿಧಾನ, ದೂರ ಹೋಗುತ್ತದೆ. ರೂಟರನ್ನು ನಡುಮನೆಯ ಬಾಗಿಲಿನ ಮೇಲಿನ ಹಲಗೆಗೆ ಏರಿಸಿದೆವು. ಅಷ್ಟಕ್ಕೇ ಅಡುಗೆಮನೆಯವರೆಗೆ ವೈಫೈ ಸರಿಯಾಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಆದರೆ ನನ್ನ ಪಾಠದ ಕೋಣೆ ಅಂಗಳದ ಆಚೆ, ಮೊದಲು ಅಡಿಕೆ ತುಂಬಿಡುತ್ತಿದ್ದ ಕೊಟ್ಟಿಗೆಯಲ್ಲಿ. ಅಲ್ಲಿಗೆ ಅಂಗಳದ ಮೇಲಿಂದ ಸುಮಾರು 35 ಮೀಟರ್ ಲ್ಯಾನ್ ಕೇಬಲ್ ಎಳೆಸಿದೆವು. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಹೋಗುತ್ತದೆ, ದೂರದ ಚಿಂತೆ ಇರಲಿಲ್ಲ. ಪಿಂಗ್ 1 ಮಿಲಿಸೆಕೆಂಡಿಗೂ ಕೆಳಗೆ ಬಂತು, ಅಲುಗಾಟವೇ ಇಲ್ಲ. ಒಂದು ವರ್ಷ ಸುಖವಾಗಿ ಪಾಠ ನಡೆಯಿತು. 2022ರ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಒಂದು ಸಂಜೆ ಗುಡುಗು ಶುರುವಾದಾಗ ಅಭ್ಯಾಸದಂತೆ ಎಲ್ಲ ಅಡಾಪ್ಟರ್‌ಗಳನ್ನೂ ಕಿತ್ತಿಟ್ಟೆ. ತೆಂಗಿನ ಮರದ ಕಡೆ ಸಿಡಿಲು ಹೊಡೆಯಿತು. ಮರುದಿನ ನೋಡಿದರೆ ರೂಟರಿನ ಲ್ಯಾನ್ ಪೋರ್ಟುಗಳು ಸತ್ತಿದ್ದವು, ಪಾಠದ ಕೋಣೆಯಲ್ಲಿ ಲ್ಯಾನ್ ಕೇಬಲನ್ನು ಹಂಚುವ ಸಣ್ಣ ನೆಟ್‌ವರ್ಕ್ ಸ್ವಿಚ್ ಸುಟ್ಟ ವಾಸನೆ ಬರುತ್ತಿತ್ತು. ಲ್ಯಾನ್ ಕೇಬಲ್ ತಾಮ್ರ. ಬಯಲಿನಲ್ಲಿ ಎಳೆದ ತಾಮ್ರದಲ್ಲಿ ಹತ್ತಿರದ ಸಿಡಿಲು ವಿದ್ಯುತ್ ಹುಟ್ಟಿಸುತ್ತದೆ, ನೇರ ಬಡಿಯಬೇಕೆಂದಿಲ್ಲ. ಪ್ಲಗ್ ಕಿತ್ತಿದ್ದೆ, ಆ ಕೇಬಲ್ ಕೀಳಲು ಹೊಳೆಯಲೇ ಇಲ್ಲ. ಹಳೆಯ ಫೋನ್ ಲೈನಿನ ಕಾಲದಲ್ಲಿ ನಮ್ಮ ಮೋಡೆಮ್‌ಗಳು ಒಂದರ ಹಿಂದೊಂದು ಹೋದದ್ದೂ ಇದೇ ಕಾರಣಕ್ಕೆ.

ಫೈಬರಿನ ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಈಗ ಅಂಗಳ ದಾಟುವುದಕ್ಕೂ ಫೈಬರನ್ನೇ ಹಾಕಿಸಿ, ಎರಡು ತುದಿಗೂ ಬೆಳಕನ್ನು ಲ್ಯಾನ್ ಸಿಗ್ನಲಿಗೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟಿದ್ದೇವೆ. ಮತ್ತೆ ಎರಡು ತುಲಾ ತಿಂಗಳು ಕಳೆದವು, ಏನೂ ಆಗಲಿಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ ದಾರಿ ಇದ್ದೇ ಇದೆ, ಅಡಾಪ್ಟರ್ ಕೀಳುವುದನ್ನು ಬಿಟ್ಟಿಲ್ಲ.

ಗಾಜಿಗೆ ಅದರದ್ದೇ ಕಷ್ಟ ಉಂಟು. ಕಳೆದ ವರ್ಷ ಒಂದು ವಾರ ಸಂಜೆಯಾದರೆ ನೆಟ್ ಹೋಗುವುದು, ಬೆಳಿಗ್ಗೆ ಬರುವುದು. ಮೂರು ದಿನ ಫೋನ್ ಮಾಡಿ ಮಲಯಾಳದಲ್ಲಿ ‘ನೆಟ್ ಕಿಟ್ಟುನ್ನಿಲ್ಲ’ (ನೆಟ್ ಸಿಗುತ್ತಿಲ್ಲ) ಎಂದೆ. ಮೂರು ದಿನವೂ ಆಫ್ ಮಾಡಿ ಆನ್ ಮಾಡಿ ಎಂದೇ ಉತ್ತರ. ನಾಲ್ಕನೆಯ ದಿನ ಫೈಬರ್ ಬಂದು ಸೇರುವ ಮೋಡೆಮಿನ ಮುಂದೆ ಕುಳಿತು ನೋಡಿದೆ. ಪಾನ್ (PON) ಎಂಬ ಹಸಿರು ದೀಪ ಆರಿತ್ತು, ಲಾಸ್ (LOS) ಎಂಬುದು ಕೆಂಪಾಗಿ ಮಿಣುಕುತ್ತಿತ್ತು. ಹಾಗೆಂದು ಹೇಳಿದ್ದೇ ತಡ, ಅರ್ಧ ದಿನದೊಳಗೆ ಆಪರೇಟರಿನ ಹುಡುಗ ಬಂದ. ಲಾಸ್ ಕೆಂಪು ಎಂದರೆ ಬೆಳಕು ಬರುತ್ತಿಲ್ಲ, ಇಲ್ಲವೇ ಬಂದದ್ದು ಸಾಲದು, ನೀವು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ. ಪಾನ್ ಹಸಿರು ನಿಂತಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಲೈನ್ ಸರಿ ಇದೆ, ಲಾಗಿನ್ನಿನದ್ದೋ ಬಿಲ್ಲಿನದ್ದೋ ತಕರಾರು. ಪಾನ್, ಇಂಟರ್ನೆಟ್ ಎರಡೂ ಉರಿಯುತ್ತಿದ್ದರೆ ಮೊದಲು ನಿಮ್ಮ ವೈಫೈ ನೋಡಿ.

ಹುಡುಗ ಬೆಳಕಿನ ಬಲ ಅಳೆಯುವ ಮೀಟರ್ ಚುಚ್ಚಿ ನೋಡಿ ‘ಪವರ್ ಕುರವಾಣ್ ಟೀಚರೇ’ (ಪವರ್ ಕಡಿಮೆ ಇದೆ ಟೀಚರೇ) ಎಂದ. ಮೈನಸ್ 29 ಡಿಬಿಎಂ ತೋರಿಸುತ್ತಿತ್ತು. ಮೈನಸ್ 27ಕ್ಕಿಂತ ಕೆಳಗೆ ಹೋದರೆ ಮೋಡೆಮಿಗೆ ಬೆಳಕು ಹಿಡಿಯುವುದು ಕಷ್ಟವಂತೆ. ಅವನು ಕೇಬಲಿನ ಮೇಲೆ ಬೆರಳಾಡಿಸುತ್ತ ಹೋಗಿ ಕಿಟಕಿಯ ಹತ್ತಿರ ನಿಂತ. ಸಂಜೆ ಸೊಳ್ಳೆ ಬರುತ್ತದೆಂದು ಅತ್ತೆ ಮುಚ್ಚುವ ಕಿಟಕಿ ಅದು. ಬಾಗಿಲು ಒತ್ತಿ ಒತ್ತಿ ಕೇಬಲ್ ಅಲ್ಲಿ ಮಡಚಿಹೋಗಿತ್ತು. ಫೈಬರ್ ಹೆಚ್ಚು ಬಾಗಿದರೆ ಬೆಳಕು ಅಲ್ಲೇ ಹೊರಗೆ ಸೋರಿಹೋಗುತ್ತದೆ. ಗೋಡೆಗೆ ಒಂದು ತೂತು ಕೊರೆದು ಹೊಸ ತುದಿ ಜೋಡಿಸಿದ ಮೇಲೆ ಮೈನಸ್ 21. ಅವನು ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟು ಹೋದ. ಒಳ್ಳೆಯ ಕೆಲಸ ಮಾಡಿದ. ನೀವೂ ಬರೆಸಿಕೊಳ್ಳಿ, ಮುಂದಿನ ಸಲ ಬಂದವನಿಗೆ ಹೋಲಿಸಿ ನೋಡಲು ಬೇಕು.

ಪದೇ ಪದೇ ನನ್ನನ್ನು ಕೇಳುವ ಎರಡು ವಿಷಯ. 100ರ ಪ್ಲಾನಿನಲ್ಲಿ ಡೌನ್‌ಲೋಡ್ 12ರಲ್ಲೇ ಓಡುತ್ತದೆ ಎಂದರೆ ಮೋಸವಲ್ಲ. ಒಂದು ಬೈಟಿಗೆ 8 ಬಿಟ್, ಪ್ಲಾನ್ ಬಿಟ್ಟಿನ ಲೆಕ್ಕ, ಡೌನ್‌ಲೋಡ್ ಬೈಟಿನ ಲೆಕ್ಕ. ಮತ್ತೆ, ವಾಟ್ಸ್ಯಾಪ್ ಬರುತ್ತದೆ ಆದರೆ ಯಾವ ಸೈಟೂ ತೆರೆಯುವುದಿಲ್ಲ ಎಂದಾದರೆ ಹೆಚ್ಚಾಗಿ ಡಿಎನ್‌ಎಸ್ ಕೈಕೊಟ್ಟಿರುತ್ತದೆ. ಮನೆಯ ಹೆಸರು ಹೇಳಿದರೆ ದಾರಿ ತೋರಿಸುವ ಪೇಟೆಯ ಅಂಗಡಿಯವರಿದ್ದಾರಲ್ಲ, ಸೈಟಿನ ಹೆಸರಿಗೆ ವಿಳಾಸದ ಸಂಖ್ಯೆ ಹುಡುಕಿ ಕೊಡುವ ಡಿಎನ್‌ಎಸ್‌ನದ್ದು ಅದೇ ಕೆಲಸ. ರೂಟರಿನ ಡಿಎನ್‌ಎಸ್ ಸೆಟ್ಟಿಂಗಿನಲ್ಲಿ ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಹಾಕಿ ನೋಡಿ.

ಕರೆಂಟ್ ಹೋದಾಗ ಈ ಲೈನ್ ನನಗೆ ತುಂಬ ಉಪಕಾರ ಮಾಡಿದೆ. ಕಂಬದ ಮೇಲೆ ಬೆಳಕನ್ನು ಮನೆ ಮನೆಗೆ ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಆಪರೇಟರ್ ತನ್ನ ಕಡೆ ಬ್ಯಾಟರಿ ಇಟ್ಟುಕೊಂಡು ನಾವು ಇಲ್ಲಿ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟರೆ ನೆಟ್ ನಿಲ್ಲುವುದಿಲ್ಲ. ಜೂನಿನ ಗಾಳಿಮಳೆಯಲ್ಲಿ ಇಡೀ ಊರು ಕತ್ತಲಾಗಿದ್ದಾಗ ಚಿಮಿಣಿ ದೀಪ ಹಚ್ಚಿಕೊಂಡು ದುಬೈಯ ಮಕ್ಕಳಿಗೆ ಮೋಹನ ರಾಗದ ವರ್ಣ ಹೇಳಿಕೊಟ್ಟಿದ್ದೇನೆ.

ಬೇಸರ ಇರುವುದು ಒಂದೇ. ಲೈನನ್ನು ರಸ್ತೆಯ ಬದಿಯಿಂದ ತಾರದೆ ಹತ್ತಿರವಾಗುತ್ತದೆಂದು ತೋಟದೊಳಗಿಂದ, ಕಂಗಿನಿಂದ ಕಂಗಿಗೆ ಕಟ್ಟಿ ತಂದಿದ್ದಾರೆ. ಗಾಳಿಗೆ ಮರ ಓಲಾಡುತ್ತದೆ, ಒಣಗಿದ ಸೋಗೆ ಹಾಳೆ ಸಮೇತ ಮೇಲೆ ಬೀಳುತ್ತದೆ. ನಾಲ್ಕು ಮಳೆಗಾಲದಲ್ಲಿ ಐದು ಸಲ ತುಂಡಾಗಿದೆ. ಬದಲಿಸಿಕೊಡುತ್ತೇವೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಈ ಸಲ ವರ್ಷದ ಹಣ ಒಟ್ಟಿಗೆ ಕಟ್ಟಲಿಲ್ಲ, ಮೂರು ತಿಂಗಳದ್ದು ಮಾತ್ರ ಕಟ್ಟಿದೆ, ಲೈನ್ ರಸ್ತೆಗೆ ಬಂದ ದಿನ ಉಳಿದದ್ದು ಎಂದು ಹೇಳಿದ್ದೇನೆ. ಅಲ್ಲಿಯವರೆಗೆ ಜಗಲಿಯ ಕಂಬಕ್ಕೆ ಹತ್ತು ಮೀಟರ್ ಕೇಬಲ್ ಅಗಲವಾಗಿ ಸುತ್ತಿ ತೂಗುಹಾಕಿದೆ, ತುಂಡಾದರೆ ಜೋಡಿಸುವುದಕ್ಕೆ.