ಪೋಸ್ಟ್‌ಗ್ರೆಸ್ ಯಾರ ಹೆಸರಲ್ಲಿರಬೇಕು? ಮೂರು ಬಗೆ ಮಾಡಿ ನೋಡಿದೆ

ಮಳೆಗಾಲದಲ್ಲಿ ಮಡಿಕೇರಿ ಕಡೆ ತೋಟದ ಕೆಲಸ ಕಡಿಮೆ. ಕಾಫಿ ಕೊಯ್ಲಿನ ತೂಕ, ಕೂಲಿ ಲೆಕ್ಕ ಇಡಲು ಹಳೇ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸನ್ನು ಸೋರ್ಸ್‌ನಿಂದಲೇ (ಮೂಲ ಕೋಡಿನಿಂದ) ಬಿಲ್ಡ್ ಮಾಡಲು ಕೂತೆ. ಬಿಲ್ಡ್ ಆಯಿತು. ತಲೆನೋವು ಶುರುವಾದದ್ದು ಫೈಲುಗಳು ಯಾರ ಹೆಸರಲ್ಲಿರಬೇಕು ಅನ್ನುವಲ್ಲಿ.

ಮೊದಲು ಎಲ್ಲವನ್ನೂ ನನ್ನ ಹೋಮ್ ಫೋಲ್ಡರಿನಲ್ಲೇ ಇಟ್ಟೆ. ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಬದಲಿಸಿದರೆ ಸಾಕು, ಸುಡೋ, ಅಂದರೆ ರೂಟ್‌ನ ಅಧಿಕಾರದಲ್ಲಿ ಆಜ್ಞೆ ಓಡಿಸುವುದು, ಬೇಕಿಲ್ಲ. ಕಲಿಯುವವರಿಗೆ ಇದೇ ಸಲೀಸು. ಆದರೆ ನಾನು ಓಡಿಸುವ ಯಾವ ಸ್ಕ್ರಿಪ್ಟ್ ಬೇಕಾದರೂ ಡೇಟಾಗೆ ಕೈ ಹಾಕಬಹುದು. ಕೂಲಿ ಲೆಕ್ಕ ಕೆಟ್ಟರೆ ಜಗಳ ಗ್ಯಾರಂಟಿ, ಅಲ್ವಾ?

ಆಮೇಲೆ ಪೋಸ್ಟ್‌ಗ್ರೆಸ್ ಅನ್ನುವ ಬೇರೆ ಯೂಸರ್ ಮಾಡಿ, ಪ್ರೋಗ್ರಾಂ, ಡೇಟಾ ಎರಡನ್ನೂ ಅವನ ಹೆಸರಿಗೆ ಬರೆದೆ. ಓಡಿತು. ಆದರೆ ಸರ್ವರ್‌ಗೆ ಯಾರಾದರೂ ನುಗ್ಗಿದರೆ ಪ್ರೋಗ್ರಾಂ ಫೈಲುಗಳನ್ನೇ ಬದಲಿಸಿಬಿಡಬಹುದು. ತೂಕ ಹಾಕುವವನ ಕೈಗೇ ತಕ್ಕಡಿ ತಿದ್ದುವ ಅಧಿಕಾರ ಕೊಟ್ಟ ಹಾಗೆ.

ಕೊನೆಗೆ ಪ್ರೋಗ್ರಾಂ ರೂಟ್ (ಎಲ್ಲ ಅಧಿಕಾರವೂ ಇರುವ ಯೂಸರ್) ಹೆಸರಲ್ಲಿ, ಡೇಟಾ ಮಾತ್ರ ಪೋಸ್ಟ್‌ಗ್ರೆಸ್ ಹೆಸರಲ್ಲಿ. ನಾನು ಉಳಿಸಿಕೊಂಡದ್ದು ಇದನ್ನೇ, ಎಡವಿದ್ದೂ ಇಲ್ಲೇ ಜಾಸ್ತಿ. ಫೈಲುಗಳನ್ನು ಜಾಗಕ್ಕೆ ಹಾಕುವ 'ಮೇಕ್ ಇನ್‌ಸ್ಟಾಲ್'ಗೆ ಮಾತ್ರ ಸುಡೋ ಹಾಕಬೇಕಿತ್ತು. ಅವಸರದಲ್ಲಿ ಬಿಲ್ಡ್ ಮಾಡುವ 'ಮೇಕ್'ಗೂ ಹಾಕಿದೆ. ಬಿಲ್ಡ್ ಫೋಲ್ಡರಿನ ಫೈಲುಗಳು ರೂಟ್ ಪಾಲಾದವು. ಮುಂದಿನ ಸಲ ಮೇಕ್ ಕೊಟ್ಟರೆ 'ಪರ್ಮಿಷನ್ ಡಿನೈಡ್'. ಡೇಟಾ ಫೋಲ್ಡರನ್ನು ಹೊಸದಾಗಿ ಸಿದ್ಧ ಮಾಡುವ ಇನಿಟ್‌ಡಿಬಿಯಂತೂ ರೂಟ್ ಆಗಿ ಓಡುವುದೇ ಇಲ್ಲ. ಸಿಟ್ಟಿನಲ್ಲಿ ಡೇಟಾ ಫೋಲ್ಡರಿಗೆ 777 ಪರ್ಮಿಷನ್ (ಯಾರು ಬೇಕಾದರೂ ಓದಬಹುದು, ಬರೆಯಬಹುದು) ಕೊಟ್ಟೆ. ಸರ್ವರ್ ಏಳಲೇ ಇಲ್ಲ: 0700 (ಒಡೆಯನಿಗೆ ಮಾತ್ರ) ಇರಬೇಕು, ಇಲ್ಲವೇ 0750 (ಗ್ರೂಪಿನವರು ಓದಬಹುದು). ಈ 0750 ಬಂದದ್ದು 11ನೇ ಆವೃತ್ತಿಯಲ್ಲಿ. ಬ್ಯಾಕಪ್ ತೆಗೆಯುವ ಯೂಸರನ್ನು ಅದೇ ಗ್ರೂಪಿಗೆ ಸೇರಿಸಿದರೆ ಅವನು ಓದಬಹುದು, ಬರೆಯುವಂತಿಲ್ಲ. ಹಾಗೆ ಬೇಕಿದ್ದರೆ ಇನಿಟ್‌ಡಿಬಿ ಕೊಡುವಾಗಲೇ ಗ್ರೂಪ್ ಆಕ್ಸೆಸ್ ಆಯ್ಕೆ ಹಾಕುವುದು ಒಳ್ಳೇದು.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ಲನ್ನೂ ಬಿಲ್ಡ್ ಮಾಡಿದೆ. ಅದೂ ರೂಟ್ ಆಗಿ ಓಡಲು ಒಪ್ಪುವುದಿಲ್ಲ, ಆದರೆ ಯೂಸರ್ ರೂಟ್ ಎಂದು ಬಿಡಿಸಿ ಹೇಳಿದರೆ ಒಪ್ಪುತ್ತದೆ. ಎಲ್ಲರೂ ಬರೆಯಬಹುದಾದ ಕಾನ್ಫಿಗ್ ಫೈಲನ್ನು ಓದದೆ ಬಿಡುತ್ತದೆ. ನನಗೆ ಪೋಸ್ಟ್‌ಗ್ರೆಸ್‌ನ ಹಠವೇ ಇಷ್ಟ.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದು ಮಾಡುತ್ತದೆಂದು ಡೇಟಾವನ್ನು ಹೊರಗಿನ ಡ್ರೈವಿಗೆ ಹಾಕಲು ಹೋದೆ. ಅದರ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ಅದರಲ್ಲಿ ಫೈಲಿನ ಒಡೆಯ, ಪರ್ಮಿಷನ್ ಯಾವುದೂ ನಿಲ್ಲುವುದಿಲ್ಲ. ಇವನ್ನು ಉಳಿಸುವ ಲಿನಕ್ಸಿನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದ ಮೇಲೆಯೇ ಸರಿಹೋಯಿತು.