ಟಾಕಿಯ ಆಟೋಮ್ಯಾಟಿಕ್ ಸ್ವಿಚ್: ಎಂಟು ತಿಂಗಳು ಬಳಸಿದ ಮೇಲೆ

ನಮ್ಮ ಮನೆ ಧಾರವಾಡದಲ್ಲಿ. ಮಲಪ್ರಭೆಯ ನೀರು ನಳಕ್ಕೆ ಬಂದ ದಿನ ನೆಲದ ಟಾಕಿ ತುಂಬಿಸಿಕೊಂಡು, ಆಮೇಲೆ ಮೋಟರ್ ಹಚ್ಚಿ ಮೇಲಿನ ಟಾಕಿಗೆ ಏರಿಸಬೇಕು. ಬಂದ್ ಮಾಡೋದು ಮರೆತರೆ ಕಾದು ಹಿಡಿದ ನೀರೆಲ್ಲ ಗಟಾರಕ್ಕೆ. ಅದಕ್ಕೇ ಈ ಸ್ವಿಚ್ ಹಾಕಿಸಿದೆ.

ಮೇಲಿನ ಟಾಕಿಯಲ್ಲಿ ಮೂರು ಸ್ಟೀಲ್ ಕಡ್ಡಿ ಇಳಿಬಿಡುತ್ತಾರೆ. ಒಂದು ತಳದವರೆಗೆ, ಒಂದು ನಡುವೆ, ಒಂದು ಮೇಲೆ. ನೀರು ನಡುವಿನ ಕಡ್ಡಿಗಿಂತ ಕೆಳಗಿಳಿದರೆ ಮೋಟರ್ ಶುರು, ಮೇಲಿನ ಕಡ್ಡಿಗೆ ತಾಗಿದರೆ ಬಂದ್. ಇದೇ ಫೀಡ್‌ಬ್ಯಾಕ್: ಕೆಲಸದ ಫಲವೇ ತಿರುಗಿ ಬಂದು ಕೆಲಸವನ್ನು ತಡೆಯುತ್ತದೆ. ಊಟ ಮಾಡಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಬಂದು ಅದನ್ನು ಇಳಿಸುತ್ತದೆ, ಸಕ್ಕರೆ ಇಳಿದಂತೆ ಇನ್ಸುಲಿನ್ನೂ ಇಳಿಯುತ್ತದೆ. ಹಾಗೇ ಇದು. ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಕೀಂ ಅಂತ ಕೂಗುತ್ತದಲ್ವಾ, ಅಲ್ಲಿ ಮಾತ್ರ ಉಲ್ಟಾ. ತಿರುಗಿ ಬಂದ ಸದ್ದು ಸದ್ದನ್ನೇ ಬೆಳೆಸುತ್ತದೆ.

ಮೊದಲು ಕೂಡಿಸಿದವರು ಮೇಲಿನ ಎರಡು ಕಡ್ಡಿಗಳ ನಡುವೆ ನಾಲ್ಕು ಬೆರಳಷ್ಟೇ ಅಂತರ ಬಿಟ್ಟಿದ್ದರು. ಬೆಳಿಗ್ಗೆ ಎಲ್ಲರ ಸ್ನಾನದ ಹೊತ್ತಿಗೆ ಅರ್ಧ ಗಂಟೆಯಲ್ಲಿ ಏಳು ಸಲ ಟಕ್ ಅಂತ ಹತ್ತಿತು, ಏಳು ಸಲ ಆರಿತು. ಶುರುವಾಗುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಹೀಗಾದರೆ ಒಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗ್, ಎಷ್ಟು ದಿನ ತಾಳೀತು? ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಟಾಕಿಯ ಮುಚ್ಚಳ ತೆಗೆದು ನೋಡಿ, "ಅಕ್ಕಾರ, ನಡುವ ಜಾಗಾನ ಬಿಟ್ಟಿಲ್ಲಲ್ರೀ" ಅಂದರು. ನಡುವಿನ ಕಡ್ಡಿಯನ್ನು ಒಂದೂವರೆ ಅಡಿ ಕೆಳಗಿಳಿಸಿದರು, ಅಷ್ಟೇ. ಈಗ ದಿನಕ್ಕೆ ಎರಡೇ ಸಲ ಹತ್ತುತ್ತದೆ.

ಇನ್ನೊಂದು ತೊಂದರೆ ಬೇಸಿಗೆಯಲ್ಲಿ ಬಂತು. ಬೋರಿನ ನೀರು ಬಳಸಿದ ಎರಡು ತಿಂಗಳಲ್ಲಿ ಕಡ್ಡಿಗಳಿಗೆ ಬಿಳಿ ಸವಳು ಗಟ್ಟಿಯಾಗಿ ಅಂಟಿತು, ನೀರು ಕಡ್ಡಿಗೆ ನೇರ ತಾಗದೆ ಟಾಕಿ ತುಂಬಿದ್ದು ಸ್ವಿಚ್‌ಗೆ ಗೊತ್ತಾಗಲೇ ಇಲ್ಲ, ನೀರು ತಾರಸಿ ತುಂಬ ಹರಿಯಿತು. ಕಡ್ಡಿ ಹೇಳಿದ್ದನ್ನಷ್ಟೇ ಅದು ನಂಬೋದು. ಹುಣಸೆಹಣ್ಣಿನಿಂದ ತಿಕ್ಕಿ ತೊಳೆದ ಮೇಲೆ ಸರಿಹೋಯಿತು. ಕಡ್ಡಿ ತೊಳೆಯಬೇಕು ಅಂತ ಕಂಪನಿಯ ಚೀಟಿಯಲ್ಲಿ ಒಂದು ಸಾಲೂ ಇಲ್ಲ, ಇದು ದೊಡ್ಡ ತಪ್ಪು.

ಆದರೂ ಧೈರ್ಯವಾಗಿ ತಗೊಳ್ಳಿ ಅನ್ನುತ್ತೇನೆ. ನೆಲದ ಟಾಕಿಗೂ ಕಡ್ಡಿ ಇರುವುದನ್ನೇ ಕೇಳಿ. ಕೆಳಗೆ ನೀರು ಮುಗಿದಾಗ ಮೋಟರ್ ನೀರಿಲ್ಲದೆ ಸುಮ್ಮನೆ ತಿರುಗುವ ಬದಲು ತಾನೇ ನಿಲ್ಲುತ್ತದೆ, ನಳ ತಡವಾಗಿ ಬರುವ ವಾರದಲ್ಲಿ ನಮ್ಮ ಮೋಟರ್ ಉಳಿದದ್ದು ಅದರಿಂದಲೇ.