ರೆಸ್ವೆರಟ್ರಾಲ್ ಕ್ಯಾಪ್ಸೂಲ್: ಹಸಿವಿನ ಲೆಕ್ಕದಲ್ಲಿ ಐದಕ್ಕೆ ಒಂದು ನಕ್ಷತ್ರ

‘ದೀರ್ಘಾಯುಷ್ಯದ ಜೀನ್ ಎಬ್ಬಿಸುತ್ತದೆ, ಹಸಿವು ಹತೋಟಿಗೆ ಬರುತ್ತದೆ’ ಎಂದು ಹೇಳಿ ಮಾರುವ, ದ್ರಾಕ್ಷಿ ಸಿಪ್ಪೆಯಲ್ಲೂ ಇರುವ ರೆಸ್ವೆರಟ್ರಾಲ್ ಎಂಬ ಸಸ್ಯವಸ್ತುವಿನ ಕ್ಯಾಪ್ಸೂಲ್‌ಗಳ ವಿಚಾರ ಇದು. ಆ ಜೀನ್‌ನ ಹೆಸರು ಸರ್ಟ್-1. ಯೀಸ್ಟ್‌ನಲ್ಲಿರುವ ಇದರ ಸಂಬಂಧಿ ಸರ್-2ರ ಒಂದು ಪ್ರತಿ ಹೆಚ್ಚು ಕೊಟ್ಟರೆ ಆಯಸ್ಸು ಬೆಳೆಯುತ್ತದೆ ಎಂದು ಎಂಐಟಿಯ ಗ್ವಾರೆಂಟೆ ತಂಡ 1999ರಲ್ಲಿ ತೋರಿಸಿತು. ಅಲ್ಲಿಂದ ಶುರುವಾದ ಗಲಾಟೆ ಇದು.

ಮಿದುಳಿನಲ್ಲಿ ಸರ್ಟ್-1ಗೆ ಕೆಲಸ ಇರುವುದು ಸುಳ್ಳಲ್ಲ. ಮಾರುವವರು ತಪ್ಪಿರುವುದು ದಿಕ್ಕಿನಲ್ಲಿ. ಹಸಿವನ್ನು ನೋಡಿಕೊಳ್ಳುವ ಮಿದುಳಿನ ಭಾಗ ಹೈಪೊಥಲಾಮಸ್. ಅದರ ಆರ್ಕ್ಯುಯೇಟ್ ಎಂಬ ಜಾಗದಲ್ಲಿ ಎಜಿಆರ್‌ಪಿ ನರಕೋಶ ‘ತಿನ್ನು’ ಅನ್ನುತ್ತದೆ, ಪಿಒಎಂಸಿ ನರಕೋಶ ‘ಸಾಕು’ ಅನ್ನುತ್ತದೆ. ಉಪವಾಸವಿದ್ದ ಇಲಿಯಲ್ಲಿ ಈ ಜಾಗದ ಸರ್ಟ್-1 ಏರುತ್ತದೆ. ಅದನ್ನು ಔಷಧದಿಂದ ತಡೆದರೆ ಇಲಿ ಕಡಿಮೆ ತಿನ್ನುತ್ತದೆ. ಎಜಿಆರ್‌ಪಿ ಕೋಶದಿಂದ ಜೀನನ್ನೇ ತೆಗೆದರೂ ಅಷ್ಟೇ. ಅಂದರೆ ಜೀನ್ ‘ಎದ್ದರೆ’ ಹಸಿವು ಹೆಚ್ಚಬೇಕಲ್ಲ! ತಮಾಷೆಯೆಂದರೆ, ಅದೇ ಕೋಶದಲ್ಲಿ ಜೀನ್ ಅತಿಯಾಗಿ ದುಡಿಯುವಂತೆ ಮಾಡಿದ ಇಲಿಗಳೂ ಕಡಿಮೆ ತಿಂದಿವೆ. ಪಿಒಎಂಸಿ ಕೋಶದಿಂದ ಜೀನ್ ತೆಗೆದರೆ ಮೇವು ಮೊದಲಿನಷ್ಟೇ, ಶಕ್ತಿಯ ಖರ್ಚು ಮಾತ್ರ ಕುಗ್ಗಿ, ಕೊಬ್ಬಿನ ಆಹಾರಕ್ಕೆ ಇಲಿ ದಪ್ಪಗಾಗುತ್ತದೆ. ನುಂಗಿದ ಗುಳಿಗೆ ಇದರಲ್ಲಿ ಯಾವ ಕೋಶದ ಬಾಗಿಲು ತಟ್ಟಬೇಕು?

ತಟ್ಟಲು ಉಳಿಯುವುದೂ ಚೂರು. ಬಾಯಿಂದ ಹೋದದ್ದರಲ್ಲಿ ಸುಮಾರು ಶೇ. 70ರಷ್ಟನ್ನು ಕರುಳು ಹೀರಿಕೊಳ್ಳುತ್ತದೆ, ನಿಜ. ಆದರೆ ಕರುಳು, ಯಕೃತ್ತು ಸೇರಿ ಅದಕ್ಕೆ ಸಲ್ಫೇಟ್, ಗ್ಲುಕುರೊನೈಡ್ ಎಂಬ ರಾಸಾಯನಿಕ ತುಣುಕುಗಳನ್ನು ಅಂಟಿಸಿ ರೂಪ ಬದಲಿಸಿಬಿಡುತ್ತವೆ. ಮೂಲ ರೂಪದಲ್ಲೇ ರಕ್ತದಲ್ಲಿ ಸಿಗುವುದು ಶೇ. 1ಕ್ಕಿಂತ ಕಡಿಮೆ.

ಆದರೂ ಕೊಳ್ಳುತ್ತೀರಾದರೆ ಡಬ್ಬಿಯ ಹಿಂಬದಿ ಓದಿ. ‘ಪಾಲಿಗೋನಮ್ (ರೆಸ್ವೆರಟ್ರಾಲ್ ತೆಗೆಯುವ ಒಂದು ಗಿಡ) ಸಾರ 500 ಮಿ.ಗ್ರಾಂ, 50%’ ಅಂದರೆ ರೆಸ್ವೆರಟ್ರಾಲ್ 250 ಮಿ.ಗ್ರಾಂ ಮಾತ್ರ. ‘ಟ್ರಾನ್ಸ್’ (ಅಣುವಿನ ಕ್ರಿಯಾಶೀಲ ರೂಪ) ಎಂಬ ಪದ ಕಾಣದಿದ್ದರೆ ಅಲ್ಲಿಗೇ ಬಿಡಿ. ಬೆಳಕು ಬಿದ್ದರೆ ಟ್ರಾನ್ಸ್ ರೂಪ ಸಿಸ್ ಆಗುತ್ತದೆ, ಹಾಗಾಗಿ ಪಾರದರ್ಶಕ ಬಾಟಲಿ ಬೇಡ. ಪಕ್ಕದಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸಿದ್ದರೆ ಎಚ್ಚರ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಯ ಮಟ್ಟವನ್ನು ಅದು ರಕ್ತದಲ್ಲಿ ಏರಿಸಬಲ್ಲದು.

ದಿನಕ್ಕೆ 2.5 ಗ್ರಾಂನಷ್ಟಾದರೆ ವಾಕರಿಕೆ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ‘ಹಸಿವೇ ಆಗಲಿಲ್ಲ, ಸೂಪರ್’ ಎಂಬ ಐದು ನಕ್ಷತ್ರದ ರಿವ್ಯೂ ಕಂಡರೆ, ಎಷ್ಟು ನುಂಗಿದಿರಿ ಎಂದು ಕೆಳಗೆ ಕೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚಬಹುದು.